ಟೀಚರ್, ಅವರು ನಿಜವಾಗಿ ಇದ್ದರೇ?

ಮೈಸೂರಿನಲ್ಲಿ ಹದಿನೇಳು ವರ್ಷಗಳಿಂದ, ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ದೃಢೀಕರಣ ಎಂಬ ಕಥೋಲಿಕ ಸಂಸ್ಕಾರಕ್ಕೆ ಸಿದ್ಧರಾಗುವ ಹೈಸ್ಕೂಲಿನ ಮಕ್ಕಳೇ ಹೆಚ್ಚು. ಒಮ್ಮೆ ಅವರನ್ನು ಸಂತ ಫಿಲೋಮಿನಾ ಚರ್ಚಿನ ನೆಲಮಾಳಿಗೆಗೆ ಕರೆದುಕೊಂಡು ಹೋಗಿದ್ದೆ. ಮೇಲೆ ಬಂದಾಗ ಹತ್ತನೆಯ ತರಗತಿಯ ಹುಡುಗನೊಬ್ಬ ಮೊಬೈಲ್ ಹಿಡಿದು ಹತ್ತಿರ ಬಂದ.

“ಟೀಚರ್, ಈ ಸಂತಳ ಹೆಸರನ್ನು 1961ರಲ್ಲಿ ರೋಮಿನ ಧರ್ಮಾಧಿಕಾರಿಗಳೇ ಹಬ್ಬಗಳ ಪಂಚಾಂಗದಿಂದ ತೆಗೆದುಹಾಕಿದರಂತೆ. ಅವರು ನಿಜವಾಗಿ ಇದ್ದರೇ?”

“ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬಬೇಡ. ಶ್ರದ್ಧೆಯಿಂದ ಪ್ರಾರ್ಥನೆ ಮಾಡು” ಎಂದೆ. ಅವನು ತಲೆಯಾಡಿಸಿ ಮೊಬೈಲನ್ನು ಜೇಬಿಗೆ ಸೇರಿಸಿದ. ಮುಂದಿನ ಮೂರು ವಾರ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಅವನು ಹೇಳಿದ್ದು ನಿಜವೆಂದು ನನಗೆ ಮೊದಲೇ ಗೊತ್ತಿತ್ತು. ಆ ಮೂರು ವಾರ ನನ್ನನ್ನು ಕೊರೆದದ್ದು ಅದೇ.

ನಾಲ್ಕನೆಯ ಭಾನುವಾರ ರಟ್ಟಿನ ಮೂರು ತುಂಡುಗಳನ್ನು ಮಾಡಿಕೊಂಡು ಹೋದೆ. “ಹೋದ ತಿಂಗಳು ನಿಮ್ಮಲ್ಲೊಬ್ಬರ ಪ್ರಶ್ನೆಯಿಂದ ತಪ್ಪಿಸಿಕೊಂಡೆ. ಇವತ್ತು ಉತ್ತರ ಹೇಳುತ್ತೇನೆ” ಎಂದು ಶುರು ಮಾಡಿದೆ. 1802ರ ಮೇ ತಿಂಗಳಿನಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಒಂದು ಗೋರಿ ಸಿಕ್ಕಿತು. ಅದರ ಬಾಯಿಗೆ ಮೂರು ಸುಟ್ಟ ಮಣ್ಣಿನ ಹೆಂಚುಗಳನ್ನು ಮುಚ್ಚಿದ್ದರು. ಅವುಗಳ ಮೇಲಿದ್ದ ಲ್ಯಾಟಿನ್ ಅಕ್ಷರಗಳನ್ನು ನನ್ನ ರಟ್ಟುಗಳ ಮೇಲೆ ಕನ್ನಡದಲ್ಲಿ ಬರೆದಿದ್ದೆ: ‘ಲುಮೆನಾ’, ‘ಪಾಕ್ಸ್ ತೇ’, ‘ಕುಂ ಫಿ’. ಅದೇ ಕ್ರಮದಲ್ಲಿ ಮೇಜಿನ ಮೇಲಿಟ್ಟು, ಅರ್ಥ ಬರುವಂತೆ ಜೋಡಿಸಲು ಹೇಳಿದೆ. ಸ್ವಲ್ಪ ಹೊತ್ತು ಎಲ್ಲರೂ ಬಗ್ಗಿ ನೋಡಿದರು. ಕೊನೆಗೆ ಒಬ್ಬ ಹುಡುಗಿ ಮೊದಲ ತುಂಡನ್ನು ಎತ್ತಿ ಕೊನೆಗಿಟ್ಟಳು. ‘ಪಾಕ್ಸ್ ತೇಕುಂ ಫಿಲುಮೆನಾ.’ ಫಿಲುಮೆನಾ, ನಿನಗೆ ಶಾಂತಿ.

ಒಳಗೆ ಎಳೆಯ ಹುಡುಗಿಯೊಬ್ಬಳ ಮೂಳೆಗಳಿದ್ದವು. ಗೋರಿಯಿಂದ ತಿಳಿಯುವುದು ಇಷ್ಟೇ. ಅವಳು ರಾಜಕುಮಾರಿ, ಚಕ್ರವರ್ತಿ ಡಯೋಕ್ಲೀಷಿಯನ್ ಅವಳನ್ನು ಹಿಂಸಿಸಿ ಕೊಲ್ಲಿಸಿದ ಎಂಬ ಕಥೆ ಬಂದದ್ದು 1833ರಲ್ಲಿ, ಇಟಲಿಯ ಒಬ್ಬ ಸನ್ಯಾಸಿನಿಗೆ ಆಯಿತೆನ್ನಲಾದ ದರ್ಶನದಿಂದ. ಹೆಂಚುಗಳ ಕ್ರಮ ತಪ್ಪಿದ್ದಕ್ಕೆ, ಅವು ಬೇರೆ ಹಳೆಯ ಗೋರಿಯವು, ಇಲ್ಲಿ ಮತ್ತೆ ಬಳಸಿದ್ದಾರೆ, ಆದ್ದರಿಂದ ಈ ಹುಡುಗಿಯ ಹೆಸರು ಫಿಲೋಮಿನಾ ಆಗಿರಬೇಕಿಲ್ಲ ಎಂದು ಆಮೇಲಿನ ವಿದ್ವಾಂಸರು ವಾದಿಸಿದರು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಆರಾಧನೆಯ ಪಂಚಾಂಗದಿಂದ ಕೈಬಿಟ್ಟಿತು. ಭಕ್ತಿಯನ್ನೇನೂ ನಿಷೇಧಿಸಲಿಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ನಮ್ಮ ಚರ್ಚು ಇಂದಿಗೂ ಅವಳ ಹೆಸರಿನಲ್ಲಿಯೇ ಇದೆ.

“ಹಾಗಾದರೆ ನೀವು ಅಲ್ಲಿ ಪ್ರಾರ್ಥನೆ ಮಾಡುತ್ತೀರಾ?” ಅವನೇ ಕೇಳಿದ.

“ಮಾಡುತ್ತೇನೆ. ನನ್ನ ತಾಯಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ಮೇಣದ ಬತ್ತಿ ಹಚ್ಚುತ್ತಿದ್ದ ಜಾಗ ಅದು. ಆ ಗೋರಿಯಲ್ಲಿದ್ದ ಮಗು ಯಾರೆಂದು ದೇವರಿಗೆ ಗೊತ್ತು. ಆದರೆ ರಾಜಕುಮಾರಿಯ ಕಥೆಯನ್ನು ಇತಿಹಾಸ ಎಂದು ನಿನಗೆ ಹೇಳಲಾರೆ.”

“ಇದನ್ನು ಅವತ್ತೇ ಹೇಳಬಹುದಿತ್ತಲ್ಲ ಟೀಚರ್” ಎಂದ. ಹೌದು, ಹೇಳಬಹುದಿತ್ತು.

ಅಂದಿನಿಂದ ಪ್ರಶ್ನೆ ಬಂದ ಕೂಡಲೇ, ಅದು ಇತಿಹಾಸಕ್ಕೆ ಸೇರಿದ್ದೋ, ಧರ್ಮಸಭೆಯ, ಅಂದರೆ ಚರ್ಚ್ ಸಂಸ್ಥೆಯ, ಬೋಧನೆಯೋ, ಜನರ ಭಕ್ತಿಯೋ ಎಂದು ಮೊದಲು ಮಕ್ಕಳ ಜೊತೆಯಲ್ಲೇ ಬಿಡಿಸಿಕೊಳ್ಳುತ್ತೇನೆ. ರೋಮನ್ ರಾಜ್ಯಪಾಲ ಪಿಲಾತನ ಕಾಲದಲ್ಲಿ ಯೇಸುವಿಗೆ ಮರಣದಂಡನೆಯಾಯಿತು ಎಂಬುದನ್ನು ಕ್ರೈಸ್ತರನ್ನು ಕಂಡರಾಗದ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕೂಡ ಬರೆದಿದ್ದಾನೆ. ಪುನರುತ್ಥಾನ ಹಾಗಲ್ಲ. ಅದನ್ನು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ, ಏಕೆ ನಂಬುತ್ತೇನೆ ಎಂದೂ ಹೇಳುತ್ತೇನೆ, ಸಾಬೀತು ಮಾಡಿ ತೋರಿಸುತ್ತೇನೆ ಎನ್ನುವುದಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನು ನೇಣು ಹಾಕಿಕೊಂಡ ಎಂದು ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿದೆ, ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆದು ಸತ್ತ ಎಂದು ಅದೇ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ಹಗ್ಗ ತುಂಡಾಗಿ ಬಿದ್ದಿರಬೇಕು ಎಂದು ಎರಡನ್ನೂ ಹೊಲಿದು ಒಂದು ಮಾಡುವವರಿದ್ದಾರೆ. ನಾನು ಹೊಲಿಯುವುದಿಲ್ಲ. ಎರಡನ್ನೂ ಮಕ್ಕಳಿಂದಲೇ ಓದಿಸುತ್ತೇನೆ.

“ಕ್ರಿಸ್ತರಲ್ಲಿ ಎಲ್ಲರೂ ಒಂದೇ ಎನ್ನುತ್ತೀರಿ, ಮತ್ತೆ ಮದುವೆ ಮಾತುಕತೆಯಲ್ಲಿ ಜಾತಿ ಏಕೆ ಕೇಳುತ್ತಾರೆ?” ಎಂದು ಒಬ್ಬಳು ಕೇಳಿದ್ದಳು. ಇದಕ್ಕೆ ಸಮರ್ಥನೆ ಹುಡುಕುವುದೇ ಪಾಪ. “ಕೇಳುತ್ತಾರೆ, ನಮ್ಮ ಮನೆಯಲ್ಲೂ ಕೇಳಿದ್ದಾರೆ, ಅದು ತಪ್ಪು” ಎಂದೆ.

ಪಕ್ಕದ ಮನೆಯವಳು ಕೇಳಿದ್ದು ಇದಕ್ಕಿಂತ ಕಷ್ಟದ್ದು. ಸಂಕ್ರಾಂತಿಯ ಸಂಜೆ ಎಳ್ಳು ಬೀರಲು ಬಂದಿದ್ದಳು. ತಟ್ಟೆಯಿಂದ ಸಕ್ಕರೆ ಅಚ್ಚು ತೆಗೆದು ನನ್ನ ಕೈಗಿಡುತ್ತಾ, “ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಧರ್ಮದ ಪ್ರಕಾರ ನಾನು ನರಕಕ್ಕೆ ಹೋಗುತ್ತೇನಾ?” ಎಂದಳು. ‘ಛೆ, ಹಾಗೆಲ್ಲ ಇಲ್ಲ’ ಎಂದು ಮಾತು ಮುಗಿಸುವುದು ಸುಲಭವಿತ್ತು. ಅದು ಪೂರ್ತಿ ನಿಜವಾಗುತ್ತಿರಲಿಲ್ಲ. ಧರ್ಮಸಭೆಯ ಹೊರಗಿರುವವರಿಗೆ ರಕ್ಷಣೆಯಿಲ್ಲ ಎಂದು 1442ರಲ್ಲಿ ಬಿಷಪ್ಪರ ಫ್ಲಾರೆನ್ಸ್ ಮಹಾಸಭೆ ಬಹಳ ಕಟುವಾಗಿಯೇ ಹೇಳಿತ್ತು. ತಮ್ಮದಲ್ಲದ ಕಾರಣಕ್ಕೆ ಶುಭಸಂದೇಶವನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸಿ ಆತ್ಮಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಪಡೆಯಬಹುದು ಎಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. ಎರಡನ್ನೂ ಅವಳಿಗೆ ಹೇಳಿದೆ. ಯೇಸುವೇ ದಾರಿ ಎಂದು ನಾನು ನಂಬುವುದನ್ನೂ ಮುಚ್ಚಿಡಲಿಲ್ಲ. “ಆದರೆ ಯಾರನ್ನೂ ನರಕಕ್ಕೆ ಕಳಿಸುವ ಅಧಿಕಾರ ನನಗಿಲ್ಲ. ನಿನ್ನನ್ನು ಬಿಟ್ಟು ಸ್ವರ್ಗವನ್ನು ಕಲ್ಪಿಸಿಕೊಳ್ಳುವುದೂ ನನ್ನಿಂದಾಗದು” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಕಾಫಿ ಕುಡಿದು ಹೋದಳು. ಮರುವರ್ಷವೂ ಎಳ್ಳು ತಂದಳು.

ಇತಿಹಾಸ, ಬೋಧನೆ, ಭಕ್ತಿ ಎಂದು ಬಿಡಿಸಿ ನೋಡುವುದು ಯಾವ ಕೆಲಸಕ್ಕೂ ಬಾರದ ದಿನವೂ ಬಂತು. ಮಂಡ್ಯದಲ್ಲಿ ನನ್ನ ಅಕ್ಕನ ಮಗಳ ಆರು ವರ್ಷದ ಕೂಸು ಜ್ವರದಿಂದ ತೀರಿಕೊಂಡಿತು. ಹೋದಾಗ ಮನೆ ತುಂಬ ಜನ. “ದೇವರ ಚಿತ್ತ”, “ಸ್ವರ್ಗಕ್ಕೆ ಒಂದು ಹೂವು ಬೇಕಿತ್ತು” ಎನ್ನುತ್ತಿದ್ದರು. ಅವಳು ಮಗುವಿನ ಸ್ಕೂಲ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜಿಪ್ಪನ್ನು ಎಳೆಯುತ್ತಿದ್ದಳು, ಮುಚ್ಚುತ್ತಿದ್ದಳು. ಎಲ್ಲರೂ ಹೋದ ಮೇಲೆ ಕೇಳಿದಳು: “ಚಿಕ್ಕಮ್ಮ, ನೀವು ಪಾಠ ಹೇಳುವವರು. ನಾನು ಒಂಬತ್ತು ದಿನ ಮೊಣಕಾಲೂರಿ ಬೇಡಿಕೊಂಡೆ. ಏಕೆ ಕೇಳಲಿಲ್ಲ?”

“ಗೊತ್ತಿಲ್ಲ ಮಗಳೇ” ಎಂದೆ. ಬೈಬಲಿನಲ್ಲಿ ಕಷ್ಟಗಳಿಗೆ ಗುರಿಯಾದ ಯೋಬನಿಗೆ ಬುದ್ಧಿ ಹೇಳಲು ಬಂದ ಸ್ನೇಹಿತರ ಮೇಲೆ, ನನ್ನ ವಿಷಯದಲ್ಲಿ ನೀವು ಸರಿಯಾದುದನ್ನು ಆಡಲಿಲ್ಲ ಎಂದು ಕೊನೆಗೆ ದೇವರೇ ಕೋಪಿಸಿಕೊಳ್ಳುತ್ತಾರೆ. ಆ ಮಾತು ನನ್ನ ಬಾಯಿಗೆ ಬೀಗ ಹಾಕಿತ್ತು. ರಾತ್ರಿ ಅಲ್ಲೇ ಉಳಿದೆ. ಮಲಗುವ ಮೊದಲು 88ನೆಯ ಕೀರ್ತನೆಯ ಪುಟದಲ್ಲಿ ಒಂದು ಚೀಟಿಯಿಟ್ಟು ಬೈಬಲನ್ನು ಅವಳ ತಲೆದಿಂಬಿನ ಪಕ್ಕ ಇಟ್ಟೆ. ಹಗಲೂ ರಾತ್ರಿಯೂ ಕೂಗಿದರೂ ಉತ್ತರ ಬಾರದವನೊಬ್ಬನ ಮೊರೆ ಅದು. ಬೇರೆ ಕೀರ್ತನೆಗಳಂತೆ ಕೊನೆಗೆ ಸ್ತುತಿಗೆ ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಂತುಬಿಡುತ್ತದೆ.

ಐದು ತಿಂಗಳ ನಂತರ ಫೋನ್ ಮಾಡಿದಳು. ಪೂಜೆಗೆ ಇನ್ನೂ ಹೋಗುತ್ತಿಲ್ಲ ಎಂದಳು. ಆಮೇಲೆ, “ಆ ಚೀಟಿಯಿಟ್ಟ ಪುಟ ಓದಿದೆ, ಚಿಕ್ಕಮ್ಮ. ದೇವರನ್ನು ಹೀಗೆ ಕೇಳಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ” ಎಂದಳು.