ಶ್ವಾಸಕೋಶಕ್ಕೆ ಬಂದ ಹೆಪ್ಪು: ಅದು ಹೊರಟ ನಾಳವನ್ನು ಪತ್ತೆ ಮಾಡುವುದು ಹೇಗೆ?

ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪು ಸಾಮಾನ್ಯವಾಗಿ ಹುಟ್ಟುವುದು ಬೇರೆಲ್ಲೋ. ಕಾಲಿನ ಅಥವಾ ಕಿಬ್ಬೊಟ್ಟೆಯ ಆಳದ ಅಭಿಧಮನಿಯಲ್ಲಿ ಗಟ್ಟಿಯಾದ ರಕ್ತದ ತುಂಡು ಕಳಚಿಕೊಂಡು, ಹೃದಯದ ಬಲಭಾಗವನ್ನು ದಾಟಿ ಬಂದು ಶ್ವಾಸಕೋಶದಲ್ಲಿ ಅಡ್ಡ ನಿಲ್ಲುತ್ತದೆ. ವೈದ್ಯರು ಇದನ್ನು ಪಲ್ಮನರಿ ಎಂಬಾಲಿಸಂ ಎನ್ನುತ್ತಾರೆ. ರೋಗಿ ಅಪಾಯದಿಂದ ಪಾರಾಗಿ ಮಾತ್ರೆಯ ಚೀಟಿ ಹಿಡಿದು ಮನೆಗೆ ಹೋದ ಮೇಲೆ, ಹೆಪ್ಪು ಮೊದಲು ಆ ಅಭಿಧಮನಿಯಲ್ಲೇ ಏಕೆ ಕಟ್ಟಿತು ಎಂಬ ಪ್ರಶ್ನೆಯನ್ನು ಎಷ್ಟೋ ಸಲ ಯಾರೂ ಕೇಳುವುದಿಲ್ಲ. ಕೆಲವರಲ್ಲಿ ಇದಕ್ಕೆ ಉತ್ತರ ನಾಳದ ರಚನೆಯಲ್ಲೇ ಇರುತ್ತದೆ. ಅಂಥವರ ಸಂಖ್ಯೆ ಕಡಿಮೆ, ನಿಜ. ಆದರೆ ದೋಷ ಸಿಕ್ಕರೆ ಚಿಕಿತ್ಸೆಯೇ ಬದಲಾಗಬಹುದು. ಹಾಗಾಗಿ ಹುಡುಕಲೇಬೇಕು.

ಮೊದಲು ಆಸ್ಪತ್ರೆ

ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚಿದಂತಾಗುವುದು, ಎದೆಬಡಿತ ಏರುವುದು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು – ಇವುಗಳಲ್ಲಿ ಯಾವುದೇ ಕಂಡರೂ ತಡ ಮಾಡದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಸಾಮಾನ್ಯವಾಗಿ ಬಣ್ಣದ್ರವ ಕೊಟ್ಟು ಮಾಡುವ ಎದೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ರೋಗ ಖಚಿತವಾಗುತ್ತದೆ. ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಚೂರುಗಳನ್ನು ಅಳೆಯುವ ಡಿ-ಡೈಮರ್ ರಕ್ತಪರೀಕ್ಷೆಗೆ ಒಂದು ಮಿತಿಯಿದೆ. ಅಪಾಯ ಕಡಿಮೆ ಎಂದು ವೈದ್ಯರಿಗೆ ಅನಿಸಿದ ರೋಗಿಯಲ್ಲಿ ಫಲಿತಾಂಶ ಸಹಜವಾಗಿ ಬಂದರೆ ಹೆಪ್ಪಿಲ್ಲ ಎನ್ನಬಹುದು. ಹೆಚ್ಚಾಗಿ ಬಂದರೆ ಹೆಪ್ಪಿದೆ ಎಂದು ಅಷ್ಟರಿಂದಲೇ ಹೇಳಲಾಗದು, ಏಕೆಂದರೆ ಸೋಂಕು, ಗರ್ಭಾವಸ್ಥೆ, ಶಸ್ತ್ರಚಿಕಿತ್ಸೆಗಳಲ್ಲೂ ಅದು ಏರುತ್ತದೆ.

ಚಿಕಿತ್ಸೆ ಹೆಪಾರಿನ್ ಚುಚ್ಚುಮದ್ದಿನಿಂದಲೋ ಅಪಿಕ್ಸಬಾನ್, ರಿವರಾಕ್ಸಬಾನ್‌ನಂಥ ಮಾತ್ರೆಗಳಿಂದಲೋ ಶುರುವಾಗುತ್ತದೆ. ಇವು ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತವೆ. ಕರಗಿಸುವ ಕೆಲಸ ದೇಹದ್ದು. ಕನಿಷ್ಠ 3 ತಿಂಗಳ ಚಿಕಿತ್ಸೆ ಬೇಕು. ಮುಂದಿನ ಹುಡುಕಾಟ ಏನೇ ಇರಲಿ, ವೈದ್ಯರು ಹೇಳುವ ತನಕ ಮಾತ್ರೆ ನಿಲ್ಲಿಸಬೇಡಿ.

ಕಾರಣಗಳ ಲೆಕ್ಕ ಹಾಕಿ

ಹಿಂದಿನ ಮೂರು ತಿಂಗಳಲ್ಲಿ ಏನೇನಾಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ: ಶಸ್ತ್ರಚಿಕಿತ್ಸೆ, ಮೂಳೆ ಮುರಿತ, ಹಾಸಿಗೆ ಹಿಡಿದ ದಿನಗಳು, ದೀರ್ಘ ಪ್ರಯಾಣ, ಹೆರಿಗೆ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ, ಕ್ಯಾನ್ಸರ್. ಮನೆತನದಲ್ಲಿ ಯಾರಿಗಾದರೂ ಹೆಪ್ಪಾಗಿತ್ತೇ ಎಂಬುದನ್ನೂ ಸೇರಿಸಿ. ಹಾಳೆ ಖಾಲಿ ಉಳಿದರೆ, ವಯಸ್ಸು ಚಿಕ್ಕದಿದ್ದರೆ, ಅಥವಾ ಅದೇ ಜಾಗದಲ್ಲಿ ಮತ್ತೆ ಹೆಪ್ಪು ಕಟ್ಟಿದ್ದರೆ ನಾಳದ ರಚನೆಯನ್ನು ನೋಡಲು ಬಲವಾದ ಕಾರಣವಿದೆ. ಹಾಳೆಯಲ್ಲಿ ಒಂದು ಕಾರಣ ಸಿಕ್ಕಿತೆಂದು ಹುಡುಕಾಟ ಬಿಡುವುದೂ ಸರಿಯಲ್ಲ. ಗರ್ಭನಿರೋಧಕ ಮಾತ್ರೆ ಶುರುಮಾಡಿದ ಮೇಲೆ ಎಡಗಾಲಿನಲ್ಲಿ ಹೆಪ್ಪಾದ ಯುವತಿಯಲ್ಲಿ ಮಾತ್ರೆ, ನಾಳದ ದೋಷ ಎರಡೂ ಕಾರಣಗಳು ಒಟ್ಟಿಗೆ ಇರಬಹುದು.

ದೇಹವನ್ನು ಗಮನವಿಟ್ಟು ನೋಡಿ

ಈ ಹಂತಕ್ಕೆ ಯಂತ್ರ ಬೇಡ, ಅಳತೆಯ ಟೇಪ್ ಸಾಕು. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ ಕಾಲಿನ ಮೂಳೆಯಲ್ಲಿ ಕೈಗೆ ತಗಲುವ ಉಬ್ಬಿದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಗಳ ಸುತ್ತಳತೆ ತೆಗೆಯಿರಿ. ವ್ಯತ್ಯಾಸ 3 ಸೆಂ.ಮೀ.ಗಿಂತ ಹೆಚ್ಚಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಊತ ಇಲ್ಲದಿದ್ದ ಮಾತ್ರಕ್ಕೆ ಹೆಪ್ಪಿಲ್ಲ ಎಂದುಕೊಳ್ಳುವಂತಿಲ್ಲ.

ಎಡಗಾಲು ಮಾತ್ರ, ತೊಡೆಯವರೆಗೂ ಊದಿದ್ದರೆ ಮೇ–ತರ್ನರ್ ಸಿಂಡ್ರೋಮ್ ನೆನಪಿಗೆ ಬರಬೇಕು. ಎಡಗಾಲಿನ ರಕ್ತವನ್ನು ಮೇಲಕ್ಕೊಯ್ಯುವ ದೊಡ್ಡ ಅಭಿಧಮನಿಯನ್ನು ಬಲಗಾಲಿಗೆ ಹೋಗುವ ಅಪಧಮನಿ ದಾಟುವ ಜಾಗದಲ್ಲಿ, ಹಿಂದೆ ಬೆನ್ನುಮೂಳೆ, ಮುಂದೆ ಅಪಧಮನಿ, ನಡುವೆ ಅಭಿಧಮನಿ ಅಪ್ಪಚ್ಚಿಯಾಗುತ್ತದೆ. 1957ರಲ್ಲಿ ಮೇ ಮತ್ತು ತರ್ನರ್ ಎಂಬ ಇಬ್ಬರು ಸಂಶೋಧಕರು 430 ಶವಗಳನ್ನು ಪರೀಕ್ಷಿಸಿ, ಸುಮಾರು ಶೇ 22ರಲ್ಲಿ ಆ ಜಾಗದ ನಾಳದೊಳಗೆ ಗಟ್ಟಿಯಾದ ಅಡ್ಡತಡೆ ಬೆಳೆದಿದ್ದನ್ನು ಕಂಡರು. ಇಷ್ಟು ಜನರಲ್ಲಿದ್ದರೂ ಹೆಪ್ಪು ಕಟ್ಟುವುದು ಕೆಲವರಲ್ಲಿ ಮಾತ್ರ. ಆದ್ದರಿಂದ ಸ್ಕ್ಯಾನ್‌ನಲ್ಲಿ ಒತ್ತಡ ಕಂಡಿತೆಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ.

ಎರಡೂ ಕಾಲುಗಳಲ್ಲಿ ಒಟ್ಟಿಗೆ ಹೆಪ್ಪಾದ ಯುವಕನ ಹೊಟ್ಟೆಯ ಮೇಲೆ ದಪ್ಪ ನಾಳಗಳು ಎದ್ದು ಕಾಣುತ್ತಿದ್ದರೆ ಯೋಚನೆ ಬೇರೆ. ಕೆಳದೇಹದ ರಕ್ತವನ್ನು ಹೃದಯಕ್ಕೆ ತರುವ ಕೆಳ ಮಹಾಅಭಿಧಮನಿ ಭ್ರೂಣದಲ್ಲಿ ಪೂರ್ತಿ ರೂಪುಗೊಳ್ಳದೆ, ರಕ್ತ ಸಣ್ಣ ಸಣ್ಣ ಪಕ್ಕದಾರಿಗಳನ್ನು ಹಿಡಿದಿರಬಹುದು. ಹುಟ್ಟಿನಿಂದ ಚರ್ಮದ ಮೇಲೆ ಕೆಂಗಂದು ಮಚ್ಚೆ, ಒಂದು ಕಾಲು ದಪ್ಪ ಅಥವಾ ಉದ್ದ, ಅದರ ಹೊರಬದಿಯಲ್ಲಿ ಉಬ್ಬಿದ ನಾಳ – ಈ ಮೂರೂ ಸೇರಿದರೆ ಕ್ಲಿಪೆಲ್–ಟ್ರೆನಾನೆ ಸಿಂಡ್ರೋಮ್ ಇರಬಹುದು. ಭಾರ ಎತ್ತುವವರ, ಈಜುವವರ ತೋಳು ಒಮ್ಮೆಲೇ ಊದಿ ನೀಲಿಗಟ್ಟಿದರೆ, ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ನಾಳ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ತೋಳಿನಿಂದಲೂ ಹೆಪ್ಪು ಶ್ವಾಸಕೋಶಕ್ಕೆ ಹೋಗುತ್ತದೆ.

ಮೊಣಕಾಲಿನ ಹಿಂಭಾಗದ ಅಭಿಧಮನಿ ಚೀಲದಂತೆ ಉಬ್ಬುವ ತೊಂದರೆ ಇವೆಲ್ಲಕ್ಕಿಂತ ಮೋಸದ್ದು. ನೋವಿಲ್ಲ, ಎಷ್ಟೋ ಸಲ ಊತವೂ ಇಲ್ಲ. ಮೊದಲ ಸುಳಿವೇ ಶ್ವಾಸಕೋಶದ ಹೆಪ್ಪಾಗಿರಬಹುದು.

ಸರಿಯಾದ ಸ್ಕ್ಯಾನ್ ಕೇಳಿ

ಶಬ್ದತರಂಗಗಳಿಂದ ರಕ್ತದ ಹರಿವನ್ನು ನೋಡುವ ಕಾಲಿನ ಡಾಪ್ಲರ್ ಮೊದಲ ಪರೀಕ್ಷೆ. ಅದು ತೊಡೆಸಂದಿನಿಂದ ಕೆಳಗೆ ಚೆನ್ನಾಗಿ ತೋರಿಸುತ್ತದೆ. ಕಿಬ್ಬೊಟ್ಟೆಯೊಳಗಿನ ನಾಳಗಳು, ಅಂದರೆ ಕಾಲಿನ ರಕ್ತವನ್ನು ಮೇಲಕ್ಕೊಯ್ಯುವ ಇಲಿಯಾಕ್ ಅಭಿಧಮನಿಗಳಂಥವು, ಕರುಳಿನ ಗಾಳಿಯ ಹಿಂದೆ ಮರೆಯಾಗಿರುತ್ತವೆ. ವರದಿಯಲ್ಲಿ ‘ಹೆಪ್ಪು ಕಂಡಿಲ್ಲ’ ಎಂದಿದ್ದರೆ ಎಲ್ಲಿಂದ ಎಲ್ಲಿಯವರೆಗೆ ನೋಡಿದ್ದಾರೆ ಎಂಬ ಸಾಲು ಹುಡುಕಿ. ವೈದ್ಯರನ್ನು ನೇರವಾಗಿ ಕೇಳಿ: ‘ಇಲಿಯಾಕ್ ನಾಳ, ಕೆಳ ಮಹಾಅಭಿಧಮನಿ ಕಂಡಿವೆಯೇ? ಮೊಣಕಾಲಿನ ಹಿಂದೆ ನಾಳ ಹಿಗ್ಗಿದೆಯೇ?’ ಕಂಡಿಲ್ಲವೆಂದರೆ ಸಿ.ಟಿ. ಅಥವಾ ಎಂ.ಆರ್. ವೆನೋಗ್ರಫಿ (ಅಭಿಧಮನಿಗಳ ಚಿತ್ರ ತೆಗೆಯುವ ಸ್ಕ್ಯಾನ್) ಬೇಕೇ ಎಂಬುದು ಮುಂದಿನ ಪ್ರಶ್ನೆ. ರಕ್ತ ಹೆಪ್ಪುಗಟ್ಟುವ ಗುಣದ ಪರೀಕ್ಷೆಗಳಿಗೂ ಸಮಯ ನೋಡಬೇಕು. ಹೊಸ ಹೆಪ್ಪು ಇರುವಾಗ ಅಥವಾ ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತಿರುವಾಗ, ದೇಹದಲ್ಲಿ ಹೆಪ್ಪುಗಟ್ಟುವುದಕ್ಕೆ ಕಡಿವಾಣ ಹಾಕುವ ಪ್ರೋಟೀನ್ ಸಿ, ಪ್ರೋಟೀನ್ ಎಸ್‌ಗಳ ಫಲಿತಾಂಶಗಳು ದಾರಿ ತಪ್ಪಿಸುತ್ತವೆ.

ದೋಷ ಸಿಕ್ಕ ಮೇಲೆ

ಒತ್ತಿಹೋದ ಎಡ ಇಲಿಯಾಕ್ ನಾಳಕ್ಕೆ, ಆಯ್ದ ರೋಗಿಗಳಲ್ಲಿ, ಹೆಪ್ಪು ತೆಗೆದು ಸ್ಟೆಂಟ್ ಹಾಕುತ್ತಾರೆ. ಮೊಣಕಾಲಿನ ಹಿಂದಿನ ಉಬ್ಬಿನಿಂದ ಶ್ವಾಸಕೋಶಕ್ಕೆ ಹೆಪ್ಪು ಹೋಗಿದ್ದರೆ ಮಾತ್ರೆಯೊಂದನ್ನೇ ನೆಚ್ಚಿಕೊಳ್ಳುವುದು ಸಾಲದು, ಮತ್ತೆ ಹೋಗಬಹುದು. ಹಾಗಾಗಿ ಶಸ್ತ್ರಚಿಕಿತ್ಸೆಯ ಸಲಹೆ ಬರುತ್ತದೆ. ತೋಳಿನ ಸಮಸ್ಯೆಯಲ್ಲಿ ಹೆಪ್ಪು ಕರಗಿಸುವ ಔಷಧಿ ಮೊದಲ ಎರಡು ವಾರಗಳಲ್ಲಿ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಂತರ ಕೆಲವರಿಗೆ ಮೊದಲ ಪಕ್ಕೆಲುಬು ತೆಗೆಯಬೇಕಾಗುತ್ತದೆ. ಮಹಾಅಭಿಧಮನಿಯೇ ಇಲ್ಲದವರಿಗೆ ಬಹುತೇಕ ದೀರ್ಘಕಾಲದ ಮಾತ್ರೆಯೇ ದಾರಿ.

ರಕ್ತಸ್ರಾವದ ಭಯದಿಂದ ಮಾತ್ರೆ ಕೊಡಲಾಗದವರಿಗೆ ಮಹಾಅಭಿಧಮನಿಯಲ್ಲಿ ಫಿಲ್ಟರ್ ಇಡುವುದುಂಟು. ಆದರೆ ಕೆಲವರಿಗೆ ಆ ನಾಳ ಎರಡಿರುತ್ತದೆ. ಒಂದರಲ್ಲಿ ಮಾತ್ರ ಫಿಲ್ಟರ್ ಇಟ್ಟರೆ ಹೆಪ್ಪಿಗೆ ಇನ್ನೊಂದು ದಾರಿ ತೆರೆದೇ ಇರುತ್ತದೆ. ಇಂಥ ಭಿನ್ನತೆ ನಿಮ್ಮ ವರದಿಯಲ್ಲಿದ್ದರೆ ಆ ಸ್ಕ್ಯಾನ್‌ನ ಪ್ರತಿಯನ್ನು ಹೋದಲ್ಲೆಲ್ಲ ಜೊತೆಗೆ ಒಯ್ಯಿರಿ.

ಮೂರು ತಿಂಗಳ ನಂತರ

ಮಾತ್ರೆ ತಪ್ಪದೆ ತೆಗೆದುಕೊಂಡರೂ ಮೆಟ್ಟಿಲು ಹತ್ತುವಾಗ ಏದುಸಿರು ಹೋಗಿಲ್ಲವಾದರೆ, ‘ಇನ್ನೂ ಸುಸ್ತಿದೆ’ ಎಂದು ಸುಮ್ಮನಾಗಬೇಡಿ. ಕರಗದ ಹೆಪ್ಪು ಗಾಯದ ಕಲೆಯಂತೆ ಗಟ್ಟಿಯಾಗಿ ಶ್ವಾಸಕೋಶದ ರಕ್ತದೊತ್ತಡವನ್ನು ಏರಿಸಿರಬಹುದು. ಹೃದಯದ ಎಕೋ ಮತ್ತು ಶ್ವಾಸಕೋಶದಲ್ಲಿ ಗಾಳಿ, ರಕ್ತ ಎಲ್ಲೆಲ್ಲಿ ತಲುಪುತ್ತಿವೆ ಎಂದು ತೋರಿಸುವ ವಿ/ಕ್ಯು ಸ್ಕ್ಯಾನ್ ಮಾಡಿಸಬೇಕೇ ಎಂದು ಕೇಳಿ. ನುರಿತ ಕೇಂದ್ರಗಳಲ್ಲಿ ಆ ಹಳೆಯ ಹೆಪ್ಪನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿ ತೆಗೆಯುತ್ತಾರೆ, ಎಷ್ಟೋ ಮಂದಿಯ ಉಸಿರಾಟ ಅದರಿಂದ ಬಹಳಷ್ಟು ಸುಧಾರಿಸುತ್ತದೆ.