ಡಿಕ್ಕಿ ಇರೋ ದೊಡ್ಡ ಕಾರು: ಹಳೆಯದನ್ನು ನೋಡಿ ಕೊಳ್ಳುವ ಬಗೆ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ನನ್ನದೊಂದು ಕಾರ್ ಸ್ಪೇರ್ಸ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷವಾಯಿತು. ಮೊದಲೆಲ್ಲ ಕೌಂಟರಿನ ಹಿಂದೆ, ಕೈಗೆ ಸಿಗುವ ಎತ್ತರದಲ್ಲಿ ಹೋಂಡಾ ಸಿಟಿ, ಸಿವಿಕ್, ಕೊರೊಲ್ಲಾದ ಬ್ರೇಕ್ ಪ್ಯಾಡ್ ಇಡುತ್ತಿದ್ದೆ. ಈಗ ಆ ಜಾಗದಲ್ಲಿ ಕ್ರೆಟಾ, ಬ್ರೆಝಾ ಡಬ್ಬಿಗಳಿವೆ. ಸೆಡಾನ್, ಅಂದರೆ ಹಿಂದೆ ಡಿಕ್ಕಿ ಚಾಚಿರುವ ತಗ್ಗು ಕಾರಿನ ಸಾಮಾನು ಬೇಕೆಂದರೆ ಅಂಗಡಿ ಹುಡುಗ ಸ್ಟೂಲ್ ಹತ್ತಬೇಕು.

ಆದರೂ ವಾರಕ್ಕೊಬ್ಬರಾದರೂ ಬಂದು ಕೇಳುತ್ತಾರೆ. "ಅಣ್ಣಾ, ಹಳೇ ಕೊರೊಲ್ಲಾ ಒಂದು ಸಿಗ್ತೈತಿ. ರೇಟು ಕಮ್ಮಿ ಹೇಳ್ತಾರೆ. ತಗಳ್ಳಲಾ ಬ್ಯಾಡಾ?" ಹೊಸದಾಗಿದ್ದಾಗ ಇಪ್ಪತ್ತು ಲಕ್ಷದ ಆಸುಪಾಸು ಇದ್ದ ಗಾಡಿ ಈಗ ಹೊಸ ಸಣ್ಣ ಕಾರಿನ ದುಡ್ಡಿಗೆ ಸಿಗುತ್ತಿದ್ದರೆ ಯಾರಿಗಾದರೂ ಆಸೆಯಾಗುತ್ತದೆ, ಅಲ್ವಾ? ನನಗೂ ಆಗಿತ್ತು. ಒಮ್ಮೆ ಕೈ ಸುಟ್ಟುಕೊಂಡೆ, ಎರಡನೇ ಸಲ ಸರಿಯಾಗಿ ನೋಡಿ ತಂದೆ. ಆ ಎರಡನೇ ಗಾಡಿ, 2015ರ ಕೊರೊಲ್ಲಾ ಆಲ್ಟಿಸ್, ಈಗಲೂ ಮನೆ ಮುಂದೆ ನಿಂತಿದೆ. ನಾನು ಏನೇನು ನೋಡಿದೆ ಅಂತ ಹೇಳುತ್ತೇನೆ.

ಜನ ಯಾಕೆ ಬಿಟ್ಟರು ಅಂತ ಮೊದಲು ತಿಳಿಯಿರಿ

ಇದು ಗೊತ್ತಿಲ್ಲದೆ ಕಾರು ನೋಡಲು ಹೋಗಬೇಡಿ. ಕಮ್ಮಿ ರೇಟು ಕಂಡ ಕೂಡಲೇ "ಏನೋ ತೊಂದರೆ ಇರಬೇಕು" ಅನ್ನಿಸುತ್ತದೆ. ತೊಂದರೆ ಇರುವುದು ಗಾಡಿಯಲ್ಲಲ್ಲ, ಅದರ ಎತ್ತರದಲ್ಲಿ.

2012ರಲ್ಲಿ ಡಸ್ಟರ್ ಅನ್ನುವ ಎತ್ತರದ ಗಾಡಿ, ಅಂದರೆ ಎಸ್‌ಯುವಿ ಬಂತು, 2013ರಲ್ಲಿ ಇಕೋಸ್ಪೋರ್ಟ್, 2015ರಲ್ಲಿ ಕ್ರೆಟಾ, ಮರುವರ್ಷ ಬ್ರೆಝಾ. ಎತ್ತರದ ಸೀಟಿನಲ್ಲಿ ಕೂತು ರಸ್ತೆ ನೋಡುವ ರುಚಿ ಒಮ್ಮೆ ಹತ್ತಿದ ಮೇಲೆ ಜನ ಕೆಳಗೆ ಇಳಿಯಲಿಲ್ಲ. ಕಂಪನಿಗಳೂ ಒಂದೊಂದಾಗಿ ಸೆಡಾನ್ ನಿಲ್ಲಿಸಿದವು. 2020ರಲ್ಲಿ ಆಲ್ಟಿಸ್ ಮತ್ತು ಸಿವಿಕ್ ನಿಂತವು, 2022ರಲ್ಲಿ ಎಲಾಂಟ್ರಾ, 2023ರಲ್ಲಿ ಆಕ್ಟೇವಿಯಾ, 2025ರಲ್ಲಿ ಸಿಯಾಜ್ ಕೂಡ. ಕ್ಯಾಮ್ರಿ ಇದೆ, ಆದರೆ 2024ರ ಡಿಸೆಂಬರಿನಲ್ಲಿ ಹೊಸದು ಬಂದಾಗಲೇ ಅದರ ಎಕ್ಸ್ ಶೋರೂಂ ಬೆಲೆ 48 ಲಕ್ಷ. ನಮ್ಮಂಥವರು ಅದರ ವೈಪರ್ ಬ್ಲೇಡ್ ಮಾರಬಹುದು ಅಷ್ಟೇ.

ಅಮೆರಿಕದಲ್ಲೂ ಇದೇ ಕಥೆ. 2017ರಲ್ಲಿ ಟೊಯೊಟಾದ್ದೇ ಎಸ್‌ಯುವಿ ರ‍್ಯಾವ್4 ಅಲ್ಲಿ ಕ್ಯಾಮ್ರಿಗಿಂತ ಜಾಸ್ತಿ ಮಾರಾಟವಾಯಿತು. ಮರುವರ್ಷ ಫೋರ್ಡ್, ಮಸ್ಟಾಂಗ್ ಬಿಟ್ಟು ಹೆಚ್ಚುಕಮ್ಮಿ ಎಲ್ಲ ತಗ್ಗು ಕಾರುಗಳನ್ನೂ ಅಲ್ಲಿ ನಿಲ್ಲಿಸುವುದಾಗಿ ಹೇಳಿತು. 2024ರಲ್ಲಿ ಶೆವರ್ಲೆ ಮಾಲಿಬೂ ಕೊನೆಯಾಯಿತು. ಕ್ಯಾಮ್ರಿ ಕೆಟ್ಟು ನಿಂತಿತು ಅಂತ ಯಾರೂ ಬಿಡಲಿಲ್ಲ. ಅದೇ ಕಂಪನಿಯ, ಅಷ್ಟೇ ಗಟ್ಟಿಯಾದ, ಹತ್ತಿ ಇಳಿಯಲು ಸುಲಭದ ಗಾಡಿ ಪಕ್ಕದಲ್ಲೇ ನಿಂತಿತ್ತು.

ನಮ್ಮಲ್ಲಿ ತೆರಿಗೆಯೂ ಸೇರಿಕೊಂಡಿತು. 2006ರಿಂದ ನಾಲ್ಕು ಮೀಟರ್ ಒಳಗಿನ, ಸಣ್ಣ ಇಂಜಿನ್ನಿನ ಕಾರಿಗೆ ತೆರಿಗೆ ಕಮ್ಮಿ. ಅದಕ್ಕೇ 2012ರಲ್ಲಿ ಡಿಜೈರ್ ಡಿಕ್ಕಿಯನ್ನೇ ಮೊಟಕು ಮಾಡಿದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣದಕ್ಕೆ 18 ಪರ್ಸೆಂಟ್ ಜಿಎಸ್‌ಟಿ, ದೊಡ್ಡದಕ್ಕೆ 40. ಹೇಗಿದ್ದರೂ 40 ಕಟ್ಟಬೇಕು ಅಂದಮೇಲೆ ಎತ್ತರದ್ದನ್ನೇ ತಗೊಳ್ಳೋಣ ಅಂತಾರೆ ಜನ. ತಪ್ಪೇನಿಲ್ಲ.

ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ಇದೆ. ಅಮ್ಮನಿಗೆ 74, ಮೊಣಕಾಲು ನೋವು. ಮೊದಲ ದಿನ ಕಾರಿನ ಬಾಗಿಲು ಹಿಡಿದು ನಿಂತು, "ಬಾವಿಗಿಳಿದಂಗಾಗ್ತತಿ ಕಣಪ್ಪಾ ನಿನ್ ಕಾರು" ಅಂದರು. ಸಾಲಿಗ್ರಾಮದ ಹಾಗೆ ಮನೆಯಲ್ಲಿ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಕಾರು ನೋಡಲು ಹೋಗುವಾಗ ಅವರನ್ನು ಬಿಟ್ಟು ಹೋಗಬೇಡಿ. ಶೋಕಿ ಮಾಡುವ ಮಗನಿಗಿಂತ ಅವರ ಮಂಡಿ ಸರಿಯಾಗಿ ತೀರ್ಪು ಹೇಳುತ್ತದೆ.

ಕಾರಿಗಿಂತ ಮೊದಲು ರಸ್ತೆ ನೋಡಿ

ನಿಮ್ಮ ಮನೆ ಗೇಟಿನಿಂದ ಹೈವೇವರೆಗೆ ಎಷ್ಟು ಹಂಪ್ ಇವೆ ಅಂತ ಎಣಿಸಿದ್ದೀರಾ? ಎಣಿಸಿ. ರಸ್ತೆಯ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂಥದ್ದು ಇದ್ದರೆ ಯಾವ ಸೆಡಾನೂ ಮುಟ್ಟದೆ ದಾಟುತ್ತದೆ. ಆದರೆ ನಮ್ಮ ಓಣಿಯವರು ಅಜ್ಜಿ ಬಿದ್ದರು, ಹುಡುಗರು ಬೈಕ್ ಜೋರು ಓಡಿಸ್ತಾರೆ ಅಂತ ರಾತ್ರೋರಾತ್ರಿ ಸಿಮೆಂಟ್ ಸುರಿದು ಕಟ್ಟುವ ಹಂಪ್ ಮುಕ್ಕಾಲು ಗೇಣು ಎತ್ತರ, ಒಂದು ಮೊಳ ಅಗಲ. ಅದೊಂದು ಹೊಸಿಲು.

ಹೋಂಡಾ ಸಿಟಿಯ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ 165 ಮಿಲಿಮೀಟರ್, ಕ್ರೆಟಾದ್ದು 190. ಎರಡರ ನಡುವೆ ಒಂದು ಇಂಚು ಅಷ್ಟೇ. ಕಾಗದದ ಮೇಲೆ ಇದು ಏನೂ ಅಲ್ಲ. ಆದರೆ ಇದು ಖಾಲಿ ಗಾಡಿಯ ಲೆಕ್ಕ. ಐದು ಜನ ಕೂತು, ಡಿಕ್ಕಿಯಲ್ಲಿ ಅರ್ಧ ಚೀಲ ಅಕ್ಕಿ ಇಟ್ಟರೆ ಹಿಂಭಾಗ ಕೂರುತ್ತದೆ. ಆಗ ಆ ಒಂದು ಇಂಚೇ ಬೇಕಾಗುವುದು. ದೊಡ್ಡ ಸೆಡಾನಿಗೆ ಇನ್ನೊಂದು ಕಷ್ಟವಿದೆ. ಆಲ್ಟಿಸ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2.7 ಮೀಟರ್ ದೂರ. ಮುಂದಿನ ಚಕ್ರ ಹಂಪ್ ದಾಟಿ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ಹೊಟ್ಟೆ ಹಂಪಿನ ಮೇಲೆ ಕೂರುತ್ತದೆ. ಆ ಸದ್ದು ಕೇಳಿದವರಿಗೇ ಗೊತ್ತು.

ಹಾಗಾಗಿ ಟೆಸ್ಟ್ ಡ್ರೈವ್ ಅಂದರೆ ಬೈಪಾಸಿನಲ್ಲಿ ನೂರಕ್ಕೆ ಎಳೆದು ನೋಡುವುದಲ್ಲ. ಐದು ಜನ ಕೂತು ನಿಮ್ಮ ಓಣಿಗೆ ತನ್ನಿ. ಕೆಟ್ಟ ಹಂಪ್ ಒಂದರ ಮುಂದೆ ಒಬ್ಬರು ಇಳಿದು ಬಗ್ಗಿ ನೋಡಲಿ. ಉಳಿದ ನಾಲ್ವರು ಕೂತೇ ಇರಲಿ. ಕಾರು ಹಂಪನ್ನು ಓರೆಯಾಗಿ ದಾಟಲಿ. ಮುಟ್ಟಿತೋ, ಅಲ್ಲಿಗೆ ಮುಗಿಯಿತು, ಎಷ್ಟೇ ಅಗ್ಗವಾಗಿದ್ದರೂ ಬೇಡ. ಮಂಡಿಪೇಟೆ, ದೊಡ್ಡಪೇಟೆಯಂಥ ಇಕ್ಕಟ್ಟಿನ ಕಡೆ ಮನೆ ಇದ್ದವರು 4.6 ಮೀಟರ್ ಉದ್ದದ ಗಾಡಿಯನ್ನು ತಿರುಗಿಸಲು ಆಗುತ್ತಾ ಅಂತಲೂ ನೋಡಿ. ಚನ್ನಗಿರಿ ಕಡೆ ಅಡಿಕೆ ತೋಟ ಇದ್ದು, ಚಾನಲ್ (ಕಾಲುವೆ) ಏರಿ ಮೇಲೆ ದಿನಾ ಓಡಾಡುವವರಿಗೆ ನಾನು ಸೆಡಾನ್ ಹೇಳುವುದೇ ಇಲ್ಲ.

ಅದೇ ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿಬರುವವರಾ ನೀವು? ಮುಂದೆ ಓದಿ. ದಾವಣಗೆರೆ ಬಿಟ್ಟ ಮೇಲೆ ಸಿಗುವ ಹೆಬ್ಬಾಳು ಟೋಲ್ ದಾಟಿದರೆ ಈ ಗಾಡಿ ಬೇರೆಯೇ. ಆಷಾಢದಲ್ಲಿ ಚಿತ್ರದುರ್ಗದ ಹತ್ತಿರ, ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವ ಕಡೆ, ತಮ್ಮನ ಎಸ್‌ಯುವಿಯಲ್ಲಿ ಹೋದರೆ ಸ್ಟಿಯರಿಂಗ್ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಅಡ್ಡಗಾಳಿ ಎತ್ತರದ ಮೈಯನ್ನು ತಳ್ಳುತ್ತದೆ. ಸೆಡಾನ್ ತಗ್ಗಾಗಿರುವುದರಿಂದ ಗಾಳಿಗೆ ಅಷ್ಟು ಸಿಗುವುದಿಲ್ಲ. ಪೆಟ್ರೋಲೂ ಉಳಿಯುತ್ತದೆ, ಕಾರಣ ಅದೇ.

ಕೆಳಗೆ ಮಲಗಿ ನೋಡಿ

ನಾನು ಕೈ ಸುಟ್ಟುಕೊಂಡಿದ್ದು ಇಲ್ಲೇ. 2016ರಲ್ಲಿ ಹಳೇ ಕಾರು ಮಾರುವ ಒಬ್ಬ ಕನ್ಸಲ್ಟಿಂಗ್‌ನವರ ಹತ್ತಿರ ನನ್ನ ಮೊದಲ ದೊಡ್ಡ ಸೆಡಾನ್ ತಗೊಂಡೆ. ಹೆಸರು ಬೇಡ. ಪಾಲಿಶ್ ಹೊಡೆದು ಕನ್ನಡಿ ಮಾಡಿದ್ದರು. ಸ್ಪೇರ್ಸ್ ಅಂಗಡಿಯವನು ನಾನು, ನನಗೇ ಯಾರು ಮೋಸ ಮಾಡ್ತಾರೆ ಅನ್ನುವ ಧಿಮಾಕು ಬೇರೆ. ಬಾನೆಟ್ ಎತ್ತಿ ನೋಡಿದೆ, ಕೆಳಗೆ ಬಗ್ಗಲಿಲ್ಲ. ಮೂರನೇ ವಾರ ಭರಮಸಾಗರದ ಹತ್ತಿರ ರಾತ್ರಿ ಒಂಬತ್ತಕ್ಕೆ ಕೆಂಪು ಆಯಿಲ್ ಲೈಟ್ ಹತ್ತಿತು. ನಿಲ್ಲಿಸಿ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ರಸ್ತೆ ಮೇಲೆ ಆಯಿಲ್ ಗೆರೆ ಎಳೆದಿದೆ. ಚೇಂಬರ್, ಅಂದರೆ ಇಂಜಿನ್ ಕೆಳಗಿನ ಆಯಿಲ್ ತಟ್ಟೆ, ಮೊದಲೇ ಎಲ್ಲೋ ಹೊಡೆಸಿಕೊಂಡು ಸೀಳಿತ್ತು. ಎಂ-ಸೀಲ್ ಮೆತ್ತಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಇಂಜಿನ್ ಬಿಚ್ಚಿಸಿ ಸರಿ ಮಾಡಿಸಲು ಎಪ್ಪತ್ತು ಸಾವಿರ ಹೋಯಿತು.

ಆದ್ದರಿಂದ ಕಾರನ್ನು ಮೆಕ್ಯಾನಿಕ್ಕಿನ ಗುಂಡಿ ಮೇಲೋ, ವಾಟರ್ ಸರ್ವಿಸ್‌ನವರ ಲಿಫ್ಟ್ ಮೇಲೋ ಹತ್ತಿಸಿ. ಕೊಡಲ್ಲ ಅಂದರೆ ವಾಪಸ್ ಬನ್ನಿ. ಚೇಂಬರಿನ ತಳವನ್ನು ಅಂಗೈಯಿಂದ ಸವರಿ. ತಗ್ಗು ಬಿದ್ದಿದ್ದರೆ ಸೋರದಿದ್ದರೂ ಅನುಮಾನ ಪಡಿ, ಒಳಗೆ ಆಯಿಲ್ ಹೀರುವ ಜರಡಿ ತಳಕ್ಕೆ ಹತ್ತಿರದಲ್ಲೇ ಇರುತ್ತದೆ. ಉಳಿದೆಲ್ಲ ಮಣ್ಣು ಮೆತ್ತಿಕೊಂಡಿದ್ದು ಒಂದೇ ಕಡೆ ಹೊಸ ಕಪ್ಪು ಬಣ್ಣ ಕಂಡರೆ ಉಗುರಿನಿಂದ ಕೆರೆಯಿರಿ. ಸೈಲೆನ್ಸರ್ ಪೈಪ್ ಚಪ್ಪಟೆಯಾಗಿದೆಯಾ? ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ ಬುಷ್‌ನ ರಬ್ಬರ್ ಸೀಳಿದೆಯಾ? ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಜಿಡ್ಡು ಇದೆಯಾ? ಬುಷ್, ಶಾಕ್ ಹೋಗಿದ್ದರೆ ಹೆದರಬೇಡಿ, ಅದು ಸವೆಯುವ ಸಾಮಾನು. ರೇಟು ಇಳಿಸಲು ಅನುಕೂಲ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗೀರು ಸವೆಯದಿದ್ದರೂ ಆರೇಳು ವರ್ಷ ಹಳೆಯದಾಗಿದ್ದರೆ ನಾಲ್ಕೂ ಟೈರಿನ ದುಡ್ಡು ಕಳೆದು ಮಾತಾಡಿ. ಸ್ಟೆಪ್ನಿ ನೋಡಲು ಮರೆಯಬೇಡಿ. ಡಿಕ್ಕಿ ಮ್ಯಾಟ್ ಎತ್ತಿದಾಗ ಸ್ಟೆಪ್ನಿ ಗುಂಡಿಯಲ್ಲಿ ತುಕ್ಕು, ಕೆಸರಿನ ಗೆರೆ ಕಂಡರೆ ನೀರಿನಲ್ಲಿ ನಿಂತ ಗಾಡಿ ಇರಬಹುದು. ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆದು ಕೆಸರಿನ ಕಲೆ ಇದೆಯಾ ನೋಡಿ. ತೊಳೆಯುವವರು ಅಲ್ಲಿವರೆಗೆ ಎಳೆಯುವುದಿಲ್ಲ.

ಇಂಜಿನ್ ನೋಡಲು ಬೆಳಿಗ್ಗೆ ಆರೂವರೆಗೆ, ಹೇಳದೆ ಹೋಗಿ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗಿನ ಸದ್ದು, ಹೊಗೆ ಸುಳ್ಳು ಹೇಳುವುದಿಲ್ಲ. ಇಂಜಿನ್ ತಣ್ಣಗಿಡುವ ಕೂಲೆಂಟ್ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಬೋರ್‌ವೆಲ್ ನೀರು ಹಾಕಿ ಓಡಿಸಿದ್ದಾರೆ ಅಂತ ಲೆಕ್ಕ. ಗೇರ್‌ಬಾಕ್ಸ್ ವಿಷಯದಲ್ಲಿ ನನ್ನದು ಹಳೇ ಕಾಲದ ಬುದ್ಧಿ, ಹಳೆಯ ಗಾಡಿಯಾದರೆ ಮ್ಯಾನುವಲ್ ಒಳ್ಳೆಯದು. ಆಟೋಮ್ಯಾಟಿಕ್ಕೇ ಬೇಕೆಂದರೆ ಗೇರ್ ಆಯಿಲ್ ಬದಲಿಸಿದ ಬಿಲ್ ಕೇಳಿ. ಆಟೋಮ್ಯಾಟಿಕ್ಕಿನಲ್ಲೇ ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚಿನದು) ಇದ್ದರೆ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ತೆವಳಿಸಿ ನೋಡಿ. ನಡುಗಿದರೆ ಬೇಡ, ಅದರ ರಿಪೇರಿ ಖರ್ಚಿನಲ್ಲಿ ಒಂದು ಸ್ಕೂಟರ್ ಬರುತ್ತದೆ.

ಸ್ಪೇರ್ಸ್ ಸಿಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಫಿಲ್ಟರ್, ಪ್ಯಾಡ್, ಬುಷ್, ಬೇರಿಂಗ್ ಇಲ್ಲೇ ಸಿಗುತ್ತವೆ, ಇಲ್ಲದಿದ್ದರೆ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿಸಿ ಬೆಳಿಗ್ಗೆ ಕೊಡುತ್ತೇವೆ. ಕಷ್ಟ ಇರುವುದು ಹೆಡ್‌ಲೈಟ್, ಬಂಪರ್, ಬಾಗಿಲ ಬೀಡಿಂಗ್‌ನಂಥ ಮೈ ಸಾಮಾನಿನದು. ಅವು ಹಾಳಾಗಿರುವ ಗಾಡಿ ಬಿಡಿ, ಇಂಜಿನ್ ಎಷ್ಟೇ ಚೆನ್ನಾಗಿರಲಿ.

ಕಾಗದದ ಕೆಲಸ

ಇದರಲ್ಲಿ ಹೆಚ್ಚು ಹೇಳಲು ಏನಿಲ್ಲ, ಆದರೆ ಬಿಡುವ ಹಾಗಿಲ್ಲ. ಸರ್ಕಾರದ ವೆಬ್‌ಸೈಟ್ ಪರಿವಾಹನ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಓನರ್, ಲೋನ್ ಬಾಕಿ ಇದೆಯಾ, ಚಲನ್ ಇದೆಯಾ ನೋಡಿ. ಲೋನ್ ಇತ್ತೆಂದರೆ ಬ್ಯಾಂಕಿನ ಎನ್‌ಒಸಿ ಮತ್ತು ಲೋನ್ ತೀರಿತು ಅನ್ನುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಾಯಿಸಲು ಫಾರಂ 29, 30 ಬೇಕು. ನಮ್ಮ ದಾವಣಗೆರೆಯ ಕೆಎ 17 ಆಗಲಿ, ಪಕ್ಕದ ಚಿತ್ರದುರ್ಗದ ಕೆಎ 16 ಆಗಲಿ ನಿರಾಳ. ಬೇರೆ ರಾಜ್ಯದ ಗಾಡಿ ಅಗ್ಗ ಅಂತ ತಂದರೆ ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಟಬೇಕು, ಆ ಲೆಕ್ಕ ಮೊದಲೇ ಹಾಕಿಕೊಳ್ಳಿ. ಇನ್ಶೂರೆನ್ಸನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಓನರಿನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ, ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ರೇಟು ಮಾತಾಡುವಾಗ ಮಾರುವವರಿಗೆ ಗಾಡಿಯ ಹುಳುಕು ಹೇಳಿ ಬೇಜಾರು ಮಾಡಬೇಡಿ. ಈ ಕಾರು ಇಟ್ಟುಕೊಂಡವರು ಪ್ರೀತಿಯಿಂದ ಇಟ್ಟುಕೊಂಡಿರುತ್ತಾರೆ. ನನಗೆ ಆಲ್ಟಿಸ್ ಕೊಟ್ಟವರು ವಿದ್ಯಾನಗರದ ರಿಟೈರ್ಡ್ ಮೇಷ್ಟ್ರು. ಹತ್ತು ವರ್ಷದ ಸರ್ವಿಸ್ ಬಿಲ್ಲುಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿದ್ದರು. "ಟೈರು, ಬುಷ್ ಹಾಕಿಸ್ಬೇಕು ಸರ್, ಇಷ್ಟಾಗುತ್ತೆ" ಅಂತ ನನ್ನ ಅಂಗಡಿಯದೇ ಚೀಟಿ ತೋರಿಸಿದೆ. ಕನ್ನಡಕ ಹಾಕಿ ಓದಿ, ಕೂಡಿಸಿ, ಅಷ್ಟೇ ಕಳೆದರು. ಒಂದು ರೂಪಾಯಿ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

ಮನೆಗೆ ತಂದ ಮೇಲೆ

ಮೊದಲ ವಾರವೇ ಇಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಎಲ್ಲ ಫಿಲ್ಟರ್ ಬದಲಿಸಿ. ಚೇಂಬರ್ ಕೆಳಗೆ ಗಟ್ಟಿ ಗಾರ್ಡ್ ಹಾಕಿಸಿ. ಸ್ಪ್ರಿಂಗ್ ಮಧ್ಯೆ ರಬ್ಬರ್ ಬಫರ್ ಸಿಕ್ಕಿಸಿ ಎತ್ತರ ಮಾಡಿಸುವವರಿದ್ದಾರೆ. ನಾನು ಮಾರುತ್ತೇನೆ, ಆದರೆ ನನ್ನ ಗಾಡಿಗೆ ಹಾಕಿಲ್ಲ. ಸವಾರಿ ಗಡುಸಾಗುತ್ತದೆ. ಆ ಮೆತ್ತನೆಯ ಸವಾರಿಗೇ ತಾನೇ ಇದನ್ನು ತಂದಿದ್ದು?

ಇನ್ನು ಅಮ್ಮನ ವಿಷಯ. ಜನ ಮಾಡುವ ತಪ್ಪೇನೆಂದರೆ ಮೊದಲು ಒಂದು ಕಾಲು ಒಳಗಿಟ್ಟು, ಆಮೇಲೆ ಮೈ ತಿರುಗಿಸಿ ಕೂರಲು ನೋಡುತ್ತಾರೆ. ಮಂಡಿ ಅಲ್ಲೇ ಹಿಡಿದುಕೊಳ್ಳುತ್ತದೆ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಮೇಲಕ್ಕೆ ಏರುವ ಸೀಟಾದರೆ ಏರಿಸಿ. ಮೇಲೆ ಮೂರು ಇಂಚಿನ ಗಟ್ಟಿ ದಿಂಬು ಹಾಕಿ. ಕಾರಿಗೆ ಬೆನ್ನು ಮಾಡಿ ನಿಂತು ಮೊದಲು ಕೂರಲಿ, ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ತಿರುಗಿಸಲಿ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿದರೆ ರೇಷ್ಮೆ ಸೀರೆ ಜಾರುತ್ತದೆ, ತಿರುಗುವುದು ಸುಲಭ. ಕೂತ ಮೇಲೆ ಕವರ್ ಎಳೆದುಬಿಡಿ.

ಹರಿಹರಕ್ಕೆ ಮದುವೆಗೆ ಹೋಗುವಾಗ ಅಮ್ಮ ಈಗಲೂ ತಮ್ಮನ ಎಸ್‌ಯುವಿಯನ್ನೇ ಹತ್ತುತ್ತಾರೆ. ಬೆಂಗಳೂರಾದರೆ ಮಾತ್ರ ನನ್ನ ಕಾರು. ಹಿರಿಯೂರಿಗೆ ಮುಂಚೆ ಸಿಗುವ ಗುಯಿಲಾಳು ಟೋಲ್ ಬರುವಷ್ಟರಲ್ಲಿ ಗೊರಕೆ ಶುರುವಾಗಿರುತ್ತದೆ.