ಒತ್ತಾಯ ಬಂದಾಗ ಕಾಯುವ ಬಗೆ: ನನ್ನ ಅನುಭವ

ಮದುವೆ, ಕೆಲಸ, ಚರ್ಚಿನ ಸಭೆಯ ಸೇವೆ, ಯಾವುದೇ ಇರಲಿ, ಒತ್ತಾಯ ಬಂದ ದಿನ ನಾನು ಹೂಂ ಅನ್ನುವುದಿಲ್ಲ, ಉಹೂಂ ಅನ್ನುವುದೂ ಇಲ್ಲ. "ಪ್ರಾರ್ಥನೆ ಮಾಡಿ ಭಾನುವಾರ ಹೇಳ್ತೇನೆ" ಎಂದು ದಿನ ಗೊತ್ತುಮಾಡುತ್ತೇನೆ. ದಿನ ಹೇಳದಿದ್ದರೆ ಫೋನ್ ನಿಲ್ಲುವುದಿಲ್ಲ. ಕಾರಣ ಹೇಳಲು ಹೋದರೂ ಕೆಟ್ಟಿತು, ಒಂದೊಂದು ಕಾರಣಕ್ಕೂ ಅವರ ಹತ್ತಿರ ಒಂದೊಂದು ಪರಿಹಾರ ಸಿದ್ಧವಿರುತ್ತದೆ. ತಡರಾತ್ರಿ ಬಂದ ಮೆಸೇಜಿಗೆ ಉತ್ತರ ಬೆಳಿಗ್ಗೆಯೇ.

ಆಮೇಲೆ ಒಂದು ಹಾಳೆಯ ನಡುವೆ ಗೆರೆ ಎಳೆಯುತ್ತೇನೆ. ಎಡಕ್ಕೆ ನಿಜವಾದ ಗಡುವು: ಅರ್ಜಿಯ ಕೊನೆಯ ದಿನ, ವೈದ್ಯರು ಹೇಳಿದ ಅವಧಿ, ನಾನೇ ಕೊಟ್ಟ ಮಾತು. ಬಲಕ್ಕೆ "ವಯಸ್ಸಾಯ್ತು", "ಜನ ಏನಂತಾರೆ", "ಇಂಥದ್ದು ಮತ್ತೆ ಸಿಗಲ್ಲ" ಎಂಬಂಥವು. ಎಡಗಡೆಯದನ್ನು ತಡಮಾಡದೆ ಮಾಡಬೇಕು. ತುರ್ತು ಚಿಕಿತ್ಸೆಯನ್ನು ಮುಂದೂಡಿ ಅದಕ್ಕೆ ವಿಶ್ವಾಸ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

ಬಲಗಡೆಯದನ್ನು ತೂಗುವಾಗ ಬೈಬಲಿನಲ್ಲಿ ಸಮುವೇಲನ ಮೊದಲನೆಯ ಪುಸ್ತಕದ 13ನೇ ಅಧ್ಯಾಯ ಓದುತ್ತೇನೆ. ಪ್ರವಾದಿ ಸಮುವೇಲ ಹೇಳಿದ್ದ 7 ದಿನ ಇಸ್ರಾಯೇಲಿನ ಅರಸ ಸೌಲ ಕಾದ. ಜನ ಚದರತೊಡಗಿದರು, ಸಮುವೇಲ ಬರಲಿಲ್ಲ, ಶತ್ರುಗಳಾದ ಫಿಲಿಷ್ಟಿಯರು ಮಿಕ್ಮಾಷ್ ಎಂಬಲ್ಲಿ ಯುದ್ಧಕ್ಕೆ ಕೂಡಿದ್ದರು. ಸಮುವೇಲ ಬಂದು ಅರ್ಪಿಸಬೇಕಿದ್ದ ಸರ್ವಾಂಗಹೋಮವನ್ನು, ಅಂದರೆ ಪೂರ್ತಿ ಸುಡುವ ಬಲಿಯನ್ನು, ಸೌಲ ತಾನೇ ಅರ್ಪಿಸಿದ. ಅದು ಮುಗಿಯುತ್ತಲೇ ಸಮುವೇಲ ಬಂದು, ತಪ್ಪು ಮಾಡಿದೆ ಎಂದ. ಸೌಲ ಕೊಟ್ಟ ಮೂರು ಕಾರಣಗಳಲ್ಲಿ ಒಂದೂ ಸುಳ್ಳಲ್ಲ! ಹಾಗಾಗಿ ನನ್ನನ್ನು ಒತ್ತಾಯಿಸುವವರ ಕಾರಣ ನಿಜವೋ ಸುಳ್ಳೋ ಎಂದು ನೋಡುತ್ತಾ ಕೂರುವುದಿಲ್ಲ. ಇದು ನಾನು ಮಾಡಬೇಕಾದ ಕೆಲಸವೇ, ಭಯವಿಲ್ಲದಿದ್ದರೂ ಮಾಡುತ್ತಿದ್ದೆನೇ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ದೇವರ ಹೆಸರಿನಲ್ಲೇ ಬರುವ ಒತ್ತಾಯ ಇನ್ನೂ ಕಷ್ಟ. ಏನ್ಗೆದಿಯ ಗವಿಯಲ್ಲಿ ದಾವೀದನ ಕಡೆಯವರು, ಯೆಹೋವನು ಹೇಳಿದ ದಿನ ಇದೇ ಎಂದರು. ದಾವೀದನನ್ನು ಕೊಲ್ಲಲು ಹುಡುಕುತ್ತಿದ್ದ ಅದೇ ಸೌಲ ಕೈಗೆ ಸಿಕ್ಕಿದ್ದ. ದಾವೀದ ಅವನ ನಿಲುವಂಗಿಯ ಅಂಚನ್ನು ಕತ್ತರಿಸಿದ, ಅಷ್ಟಕ್ಕೇ ದಾವೀದನ ಮನಸ್ಸಾಕ್ಷಿ ಚುಚ್ಚಿತು. ಅವಕಾಶ ಒದಗಿತು ಎಂಬುದೊಂದೇ ದೇವರ ಅಪ್ಪಣೆಯಲ್ಲ. ಇಂಥ ಮಾತು ಬಂದಾಗ ಇಬ್ಬರನ್ನು ಕೇಳುತ್ತೇನೆ, ಇಬ್ಬರಿಗೂ ನನ್ನ ತೀರ್ಮಾನದಿಂದ ಲಾಭವೂ ನಷ್ಟವೂ ಇರಬಾರದು. ಹತ್ತು ಜನರನ್ನು ಕೇಳಿದರೆ ಹಿತವಾದ ಉತ್ತರವನ್ನು ಆರಿಸಿಕೊಳ್ಳುವ ಚಟ ಹತ್ತುತ್ತದೆ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಬೈಬಲಿನ ಯೋಸೇಫ ತಪ್ಪಿಲ್ಲದೆ ಐಗುಪ್ತದ ಸೆರೆಮನೆ ಸೇರಿದ್ದ. ಅಲ್ಲಿನ ಕೆಲಸ ನೋಡಿಕೊಳ್ಳುತ್ತಲೇ, ಅರಸನಾದ ಫರೋಹನಿಗೆ ನನ್ನ ವಿಷಯ ತಿಳಿಸು ಎಂದು, ಜೊತೆಗೆ ಸೆರೆಯಲ್ಲಿದ್ದ ಅರಸನ ಪಾನದಾಯಕನನ್ನು (ದ್ರಾಕ್ಷಾರಸ ಬಡಿಸುವವನನ್ನು) ಕೇಳಿಕೊಂಡ. ಯೋಸೇಫನಿಗೆ ಬಿಡುಗಡೆಯಾದದ್ದು 2 ವರ್ಷದ ಮೇಲೆ. ನಾನೂ ಅರ್ಜಿ ಹಾಕುತ್ತೇನೆ, ವಿಚಾರಿಸುತ್ತೇನೆ. ಸುಳ್ಳು ಹೇಳಿಯೋ ಸಾಲ ಮಾಡಿಯೋ ಬಾಗಿಲು ತೆಗೆಸುವುದಿಲ್ಲ, ಅಷ್ಟೆ.

ಭಾನುವಾರ ಬಂದರೂ ಮನಸ್ಸು ತಿಳಿಯಾಗದಿದ್ದರೆ? ಆ ದಿನ ನಾನು ಜನರಿಗೆ ಕೊಟ್ಟದ್ದು, ದೇವರಿಗೆ ಹಾಕಿದ ಗಡುವಲ್ಲ. "ಸದ್ಯಕ್ಕೆ ಬೇಡ, ನನಗಾಗಿ ನೀವು ಕಾಯಬೇಡಿ" ಎಂದು ಅಂದೇ ಹೇಳಿಬಿಡುತ್ತೇನೆ. ನನ್ನ ತಾಳ್ಮೆಗೆ ಅವರನ್ನು ತೂಗುಹಾಕುವ ಹಕ್ಕು ನನಗಿಲ್ಲ.